ಫರಂಗಿಪೇಟೆಂದ ಬಂದರಿಂಗೆ, ಅಕ್ಕಿಮುಡಿಯ ದಾರಿ

ನಮ್ಮ ಗುತ್ತಿಗಾರು ಹೊಡೆಂದ ಮಂಗಳೂರಿಂಗೆ ಹೋಪ ಹೆಮ್ಮಕ್ಕೊಗೆ ಅಲ್ಲಿ ಮೂರೇ ಕೆಲಸ ಇಪ್ಪದು. ಒಂದೋ ಆಸ್ಪತ್ರೆ, ಇಲ್ಲದ್ರೆ ಜವುಳಿ, ಅದೂ ಅಲ್ಲದ್ರೆ ಆರದ್ದಾರು ಮದುವೆ. ಬಸ್ಸು ಬಿ.ಸಿ.ರೋಡು ಕಳುದು, ತುಂಬೆ ದಾಂಟಿ, ಫರಂಗಿಪೇಟೆಲಿ ನಿಲ್ಲುತ್ತು. ಕಂಡೆಕ್ಟ್ರ ಆ ಹೆಸರಿನ ಬೊಬ್ಬೆ ಹಾಕಿ ಹೇಳ್ತ. ನಾವು ಕೇಳ್ತು, ಪುನಃ ಕಣ್ಣು ಮುಚ್ಚಿ ಒರಗುತ್ತು. ಪರಂಗಿ ಹೇಳಿರೆ ಪೋರ್ಚುಗೀಸರು. ಯುರೋಪಿನ ಫ್ರಾಂಕ್ ಹೇಳುವ ಜನಂಗೊಕ್ಕೆ ಅರಬ್ಬರು, ಪರ್ಶಿಯದವು ಮಡಗಿದ ಹೆಸರು ಹಡಗು ಹತ್ತಿ ನಮ್ಮ ಕರಾವಳಿಗೆ ಬಂದು, ಕಡೆಂಗೆ ನೇತ್ರಾವತಿ ಕರೆಯ ಒಂದು ಬಸ್‌ಸ್ಟೋಪಿಲಿ ಕೂದತ್ತು.

ಇದರ ಬರವಲೆ ಒಂದು ಕಾರಣ ಇದ್ದು. ಓ ಮೊನ್ನೆ ಒಂದು ಜೆಂಬ್ರದ ಮನೆಲಿ ಬಾಳೆಲೆ ಉದ್ದಿಗೊಂಡು ಕೂದಿಪ್ಪಗ, ಮಾತು ಎಲ್ಲಿಂದಲೋ ಎಲ್ಲಿಗೋ ಹೋಗಿ, ಒಂದು ಅಕ್ಕ ಹೇಳಿತ್ತು, "ಮಂಗಳೂರಿನ ಕ್ರಿಶ್ಚಿಯನ್ನರು ಎಲ್ಲ ಪರಂಗಿಗಳ ಸಂತಾನ ಅಲ್ಲದೋ, ಹಡಗಿಲಿ ಬಂದವು." ಹತ್ತರೆ ಕೂದ ಅತ್ತೆ ತಲೆ ನೆಗ್ಗದ್ದೆ ಕೇಳಿದವು, "ಅಂಬಗ ಅವು ಮನೆಲಿ ಎಂತಗೆ ಕೊಂಕಣಿ ಮಾತಾಡುದು?" ಉತ್ತರ ಆರ ಹತ್ತರೂ ಇತ್ತಿಲ್ಲೆ. ಬಾಳೆಲೆ ಉದ್ದಿ ಮುಗುತ್ತು, ಮಾತೂ ಮುಗುತ್ತು. ಎನಗೆ ಮಾಂತ್ರ ಅತ್ತೆಯ ಪ್ರಶ್ನೆ ತಲೆಲೇ ಒಳುದತ್ತು. ಅದರ ಹಿಡ್ಕೊಂಡು ಹೋದರೆ ಮಂಗಳೂರಿನ ಹಳೆ ಬೀದಿಗೊ ಒಂದೊಂದಾಗಿ ಬಾಯಿ ಬಿಡ್ತು.

ಮದಾಲು ಅಕ್ಕಿಯ ಸಂಗತಿ ಹೇಳೆಕ್ಕು. ಶಾಲೆಲಿ ನಾವು ಕಲ್ತದು ಗೆಣಮೆಣಸಿನ ಕತೆ: 1498, ವಾಸ್ಕೋ ಡ ಗಾಮ, ಕಲ್ಲಿಕೋಟೆ. ಮೆಣಸಿಂಗೆ ಬೇಕಾಗಿ ಬಂದವು ಹೇಳುದು ಸರಿಯೇ. ಆದರೆ 1510ರಲ್ಲಿ ಗೋವೆಯ ಹಿಡುದು, ಅಲ್ಲಿ ಪಟ್ಟಣ ಬೆಳದ ಮತ್ತೆ ಇನ್ನೊಂದು ತಾಪತ್ರಯ ಸುರು ಆತು. ಅಷ್ಟು ಜನಕ್ಕೆ ಉಂಬಲೆ ಬೇಕನ್ನೆ! ಗೋವೆಯ ಗೆದ್ದೆಗೊ ಸಾಕಾಯಿದಿಲ್ಲೆ. ಘಟ್ಟದ ಹೊಡೆಲಿ ಬಿಜಾಪುರದ ಆದಿಲ್‌ಶಾಹಿ, ಅವರ ಹತ್ತರೆ ಯೇವಗಳೂ ಜಗಳ. ಅಕ್ಕಿ ಬರೆಕ್ಕಾದ್ದು ತೆಂಕಂದ: ಹೊನ್ನಾವರ, ಬಸರೂರು, ಮಂಗಳೂರು. ಅಕ್ಕಿ ತುಂಬಿದ ದೋಣಿಗೊ ಸಾಲು ಕಟ್ಟಿ, ಯುದ್ಧದ ಹಡಗಿನ ಕಾವಲಿಲಿ ಗೋವೆಗೆ ಹೋಯ್ಕೊಂಡಿತ್ತು. ಆ ಸಾಲು ತಡವಾದರೆ ಗೋವೆಲಿ ಹಶು. ಊರೆಲ್ಲ ಹೆದರುವ ಫಿರಂಗಿ ಇಪ್ಪವು ನಮ್ಮ ಊರಿನ ಕೊಯ್ಲಿನ ಕಾದು ಕೂರೆಕ್ಕಾದ ಅವಸ್ಥೆ.

ಈ ಅಕ್ಕಿ ಬಂದರಿಂಗೆ ಎತ್ತಿದ್ದು ಹೇಂಗೆ? ಸುಬ್ರಹ್ಮಣ್ಯದ ಕುಮಾರಧಾರೆ ಉಪ್ಪಿನಂಗಡಿಲಿ ನೇತ್ರಾವತಿಗೆ ಸೇರ್ತನ್ನೆ. ಅದೇ ನೀರು ಬಂಟ್ವಾಳ, ಪಾಣೆಮಂಗಳೂರು ಆಗಿ ಮಂಗಳೂರಿಲಿ ಕಡಲಿಂಗೆ ಬೀಳುದು. ಮಾರ್ಗ ಇಲ್ಲದ್ದ ಕಾಲಲ್ಲಿ ಹೊಳೆಯೇ ಮಾರ್ಗ. ಘಟ್ಟ ಇಳುದು ತಲೆಹೊರೆಲಿ, ಎತ್ತಿನ ಬೆನ್ನಿಲಿ ಬಂದ ಸಾಮಾನು ಬಂಟ್ವಾಳದ ಹೊಡೆಲಿ ದೋಣಿ ಹತ್ತಿಗೊಂಡಿತ್ತು. ಅಕ್ಕಿ ಹೋಪದು ಮುಡಿ ಕಟ್ಟಿ. ಹಳಬ್ಬರಿಂಗೆ ನೆಂಪಿಕ್ಕು: 14 ಸೇರಿಂಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೆಳೂಲಿನ ಹಾಸಿ, ಅಕ್ಕಿ ಸೊರುಗಿ, ಬೆಳೂಲಿನದ್ದೇ ಬಳ್ಳಿ ಬಿಗುದು, ಬೊಡುದು ಬೊಡುದು ಉರುಂಟು ಮಾಡುದು. ಪೋರ್ಚುಗೀಸರ ಕಡತಲ್ಲಿ ಅಕ್ಕಿಯ ಲೆಕ್ಕ ಬಪ್ಪದು 'ಫಾರ್ದೊ' ಹೇಳಿ, ಹೇಳಿರೆ ಕಟ್ಟು, ಮೂಟೆ. ಇಲ್ಲಿಯ ಅರಸುಗೊ ಅವಕ್ಕೆ ಕೊಡೆಕ್ಕಾದ ಕಪ್ಪವೂ ಹಲವು ಸರ್ತಿ ಚಿನ್ನ ಅಲ್ಲ, ಇಂತಿಷ್ಟು ಕಟ್ಟು ಅಕ್ಕಿ. ಅರಸ ಒಪ್ಪಿಗೊಂಡ ಕಪ್ಪವ ಗೆದ್ದೆಲಿ ಬೆಳೆಶಿದ್ದು, ಮೆರುದ್ದು, ಒನಕೆಲಿ ಮೆರುದು ಅಕ್ಕಿ ಮಾಡಿದ್ದು ಆರು ಹೇಳಿ ನಿಂಗೊಗೆ ಬಿಡುಸಿ ಹೇಳೆಕ್ಕೋ?

1568ರಲ್ಲಿ ಗೋವೆಯ ವೈಸ್‌ರಾಯ್ ಅಂತಾವ್ ದ ನೊರೋನ್ಹಾ ದೊಡ್ಡ ಪಡೆ ತೆಕ್ಕೊಂಡು ಬಂದು, ಉಳ್ಳಾಲದ ಮೇಲೆ ಬಿದ್ದು, ಮಂಗಳೂರಿಲಿ ಕೋಟೆ ಕಟ್ಟುಸಿದ. ಅವರ ರಾಜನ ಹೆಸರು ಸೆಬಾಸ್ಟಿಯನ್, ಕೋಟೆಗೂ ಅದೇ ಸಂತನ ಹೆಸರು. ಈಗ ಬಂದರಿನ ಹತ್ತರೆ ಇಪ್ಪ ರೊಸಾರಿಯೋ ಚರ್ಚಿನ ಮೂಲವೂ ಅದೇ 1568. ನಾವು ಈಗ ಕಾಂಬ ಕಟ್ಟೋಣ ಕಳುದ ಶತಮಾನದ್ದು. ಕೋಟೆಯ ಒಂದು ಕಲ್ಲೂ ಈಗ ಕಾಂಬಲೆ ಸಿಕ್ಕ. ಟಿಪ್ಪುವಿನ ಕಾಲಲ್ಲಿ, 1784ರ ಯುದ್ಧ ಕಳುದ ಮತ್ತೆ ಮಂಗಳೂರಿನ ಕೋಟೆಯ ಕೆಡುಗಿ ಹಾಕಿದವು. ಆದರೆ ಬಂದರಿಲಿ 'ಕಂದಕ' ಹೇಳುವ ಜಾಗೆ ಈಗಳೂ ಇದ್ದು. ಕಂದಕ ಹೇಳಿರೆ ಕೋಟೆಯ ಸುತ್ತ ತೋಡುವ ಅಗಳು. ಕೋಟೆ ಇಲ್ಲದ್ರೂ ಅಗಳಿನ ಹೆಸರಿಲಿ ಜನ ಬಸ್ಸು, ಆಟೋ ಹತ್ತುತ್ತವು.

ಕೋಟೆ ಕಟ್ಟಿದ್ದು ಊರು ಆಳುಲೆ ಹೇಳುದರಿಂದ ಹೆಚ್ಚು ಕಡಲಿನ ಬಾಗಿಲು ಹಿಡಿವಲೆ. 'ಕರ್ತಾಸ್' ಹೇಳುವ ಚೀಟು ಇಲ್ಲದ್ದೆ ಯಾವ ಹಡಗೂ ಹೋಪಲಾಗ. ಚೀಟಿಲಿ ಯಾವ ಬಂದರಿಂದ ಯಾವ ಬಂದರಿಂಗೆ, ಎಂತ ಸಾಮಾನು ಹೇಳಿ ಎಲ್ಲ ಇರೆಕ್ಕು. ಇಲ್ಲದ್ರೆ ಹಡಗೂ ಹೋತು, ಸಾಮಾನೂ ಹೋತು. ನಮ್ಮದೇ ಕಡಲಿಲಿ ಹೋಪಲೆ ದೂರದವರ ಅಪ್ಪಣೆ.

ಇದಕ್ಕೆ ಒಪ್ಪದ್ದೆ ನಿಂದದು ಹೊಳೆಯ ಆಚ ಕರೆಯ ಉಳ್ಳಾಲದ ಅಬ್ಬಕ್ಕ. ಚೌಟ ಅರಸುಗಳ ಮನೆತನ, ಜೈನರು, ಅಳಿಯಸಂತಾನ. ಹಾಂಗಾಗಿ ಹೆಣ್ಣಿಂಗೆ ಪಟ್ಟ ಬಪ್ಪದು ಅಲ್ಲಿ ಅತಿಶಯದ ಸಂಗತಿ ಅಲ್ಲ. ಅಬ್ಬಕ್ಕನ ಕುದುರೆ ಮೇಲೆ ಕೂರುಸಿ, ಕತ್ತಿ ಹಿಡುಶಿ ಮಾಡಿದ ಮೂರ್ತಿಯ ಎಲ್ಲೋರೂ ನೋಡಿದ್ದವು. ಎನಗೆ ಮಾಂತ್ರ ಕೊಶಿ ಅಪ್ಪದು ಇನ್ನೊಂದು ಚಿತ್ರ. 1623ರ ಕಡೇಂಗೆ ಇಟೆಲಿಯ ಪಿಯೆತ್ರೊ ದೆಲ್ಲ ವಾಲೆ ಹೇಳುವ ಪ್ರವಾಸಿ ಉಳ್ಳಾಲದ ರಾಣಿಯ ನೋಡ್ಲೆ ಬಂದ. ಅಷ್ಟಪ್ಪಗ ಆಳಿಗೊಂಡಿದ್ದದು ಅದೇ ಅಬ್ಬಕ್ಕ ಹೆಸರಿನ, ಮತ್ತಾಣ ತಲೆಮಾರಿನ ರಾಣಿ. ಅರಮನೆಲಿ ಕಾಂಬಲೆ ಸಿಕ್ಕುಗು ಹೇಳಿ ಅವ ಜಾನ್ಸಿದ್ದು. ಸಿಕ್ಕಿದ್ದು ಮಾರ್ಗಲ್ಲಿ. ರಾಣಿ ತಾನು ತೋಡುಸಿಗೊಂಡಿದ್ದ ಕಣಿಯ ನೋಡ್ಲೆ ನಡಕ್ಕೊಂಡು ಹೋಪಲೆ ಹೆರಟಿತ್ತು. ಕಾಲಿಂಗೆ ಮೆಟ್ಟು ಇಲ್ಲೆ, ದೋರ ಹತ್ತಿಯ ಬೆಳಿ ವಸ್ತ್ರ, ತಲೆ ಮೇಲೆ ಕೊಡೆ ಹಿಡಿವಲೆ ಒಬ್ಬ. ಯುರೋಪಿನ ರಾಣಿಯಕ್ಕಳ ನೋಡಿದವಂಗೆ ಇದು ಅಡಿಗೆಯದ್ದೋ ವಸ್ತ್ರ ಒಗವದೋ ಹೇಳಿ ಕಂಡತ್ತಡ, ಹಾಂಗೇ ಬರದೂ ಮಡಗಿದ್ದ. ಮಾತಾಡ್ಲೆ ಸುರು ಮಾಡಿದ ಮತ್ತೆ ಮಾಂತ್ರ, ಇದು ತೂಕದ ಹೆಣ್ಣು, ಬುದ್ಧಿವಂತೆ ಹೇಳಿಯೂ ಬರದ್ದ.

ಆ ಮನುಷ್ಯಂಗೆ ನಗಾಡೆಕ್ಕು ಹೇಳಿ ಕಂಡದು ನವಗೆ ಗೌರವ ಹೇಳಿ ಕಾಣ್ತು. ತೋಟದ ಕಣಿ ಕೆಲಸಕ್ಕೆ ಜನ ಮಾಡಿದ ದಿನ ಯಜಮಾಂತಿ ಖುದ್ದು ಹೋಗಿ ನಿಲ್ಲದ್ರೆ ಆಳಿನ ಕೆಲಸ ಹೇಂಗೆ ಆವ್ತು ಹೇಳಿ ನಿಂಗೊಗೆ ಎನ್ನಂದ ಲಾಯಕಲ್ಲಿ ಗೊಂತಿದ್ದು. ರಾಣಿ ಗೆಂಡನ, ಹೇಳಿರೆ ಬಂಗರಾಜನ ಬಿಟ್ಟು, ಅವ ಕೊಟ್ಟ ಒಡವೆಗಳ ಹಿಂದೆ ಕಳುಸಿತ್ತು ಹೇಳುವ ಕತೆಯನ್ನೂ ಅವನೇ ಬರದ್ದು. ಆ ಜಗಳಲ್ಲಿ ಬಂಗ ಪೋರ್ಚುಗೀಸರ ದಿನಿಗೇಳಿದ, ರಾಣಿ ಇಕ್ಕೇರಿಯ ವೆಂಕಟಪ್ಪ ನಾಯಕನ ದಿನಿಗೇಳಿತ್ತು. ಗೆದ್ದದು ರಾಣಿಯ ಹೊಡೆ.

ಬಡಗ ಹೊಡೆಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಇತ್ತು, 1552ರಿಂದ 1606ರ ವರೆಗೆ ಆಳಿದ್ದು. ಅದರ ಪೋರ್ಚುಗೀಸರೇ 'ಮೆಣಸಿನ ರಾಣಿ' ಹೇಳಿ ದಿನಿಗೇಳಿಗೊಂಡಿತ್ತಿದ್ದವು. ಇಲ್ಲಿ ಅಕ್ಕಿ, ಅಲ್ಲಿ ಮೆಣಸು, ಎರಡರ ಕೀಲಿಕೈಯೂ ಹೆಮ್ಮಕ್ಕಳ ಸೊಂಟಲ್ಲಿ!

ಪೋರ್ಚುಗೀಸರ ಮಂಗಳೂರಿಂದ ಕಳುಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ದಶಕಲ್ಲಿ. 1568ರಿಂದ ಲೆಕ್ಕ ಹಾಕಿರೆ ಅವರ ಕೋಟೆಗೆ ನೂರು ವರ್ಷವೂ ಆಯಿದಿಲ್ಲೆ. ಮತ್ತೆ ವ್ಯಾಪಾರಕ್ಕೆ ಕೋಠಿ ಮಡಿಕ್ಕೊಂಬಲೆ ಒಪ್ಪಂದ ಆತು, ಆದರೆ ಮದಲಾಣ ಗತ್ತು ಪುನಃ ಬಯಿಂದಿಲ್ಲೆ.

ಅಂಬಗ ಹಳೆ ಮಂಗಳೂರಿನ ಬೀದಿಗಳ ತುಂಬುಸಿದ್ದು ಆರು? ಬಂದರಿನ ಓಣಿಗಳಲ್ಲಿ ಪರಂಗಿಗೊ ಬಪ್ಪ ಎಷ್ಟೋ ಮದಲೇ ಅರಬ್ಬರ ಒಟ್ಟಿಂಗೆ ವ್ಯಾಪಾರ ಇತ್ತು. ಅಲ್ಲಿಯ ಝೀನತ್ ಬಕ್ಷ್ ಮಸೀದಿ ಈ ಕರಾವಳಿಯ ಅತಿ ಹಳತ್ತರಲ್ಲಿ ಒಂದು ಹೇಳ್ತವು. ಬೀಬಿ ಅಲಾಬಿ ರಸ್ತೆ, ನೆಲ್ಲಿಕಾಯಿ ರಸ್ತೆ, ಹೊಯಿಗೆಬಜಾರು ಹೇಳುವ ಹೆಸರುಗಳ ಕೇಳಿರೇ ಸಾಕು, ಒಂದರಲ್ಲೂ ಪರಂಗಿಯ ಸುಳಿವು ಇಲ್ಲೆ. ನಮ್ಮ ಅಜ್ಜಂದ್ರು ಅಡಕ್ಕೆ ಗೋಣಿ ಇಳುಶಿಗೊಂಡಿದ್ದದೂ ಇದೇ ಬಂದರಿನ ಮಂಡಿಗಳಲ್ಲಿ.

ಅಲ್ಲಿಂದ ರಜ ಮೇಲೆ ಹತ್ತಿರೆ ರಥಬೀದಿ, ನಾವು ಮಲ್ಲಿಗೆ ಅಟ್ಟೆಗೂ ಬೆಳ್ಳಿ ಸಾಮಾನಿಂಗೂ ಹೋಪ ಕಾರ್‌ಸ್ಟ್ರೀಟು. ವೆಂಕಟರಮಣ ದೇವಸ್ಥಾನ, ಕೊಡಿಯಾಲ್ ತೇರು, ಗೌಡ ಸಾರಸ್ವತರ ಅಂಗಡಿಗೊ. ಈ ಕೊಂಕಣಿ ಮನೆಗಳ ಹೆಚ್ಚಿನವರ ಹಳಬ್ಬರು ಗೋವೆ ಬಿಟ್ಟು ಬಂದವು. ಗೋವೆಲಿ ದೇವಸ್ಥಾನಂಗಳ ಕೆಡುಗಿದವು, 1560ರಲ್ಲಿ ಇನ್‌ಕ್ವಿಸಿಷನ್ ಹೇಳುವ ಧರ್ಮವಿಚಾರಣೆಯ ಕೋರ್ಟು ಬಂತು. ದೇವರ ಮೂರ್ತಿಯ ಹೊತ್ತುಗೊಂಡು, ಮಕ್ಕಳ ಸೊಂಟಲ್ಲಿ ಕೂರುಸಿಗೊಂಡು ತೆಂಕಂಗೆ ನಡದವು, ದೋಣಿ ಹತ್ತಿದವು.

ಇನ್ನು ಅತ್ತೆಯ ಪ್ರಶ್ನೆಗೆ ಬತ್ತೆ. ಮಂಗಳೂರಿನ ಕೆಥೊಲಿಕ್ ಮನೆಯವರದ್ದೂ ಅದೇ ದಾರಿ. ಅವರ ಹಳಬ್ಬರು ಗೋವೆಲಿ ಮತ ಬದಲುಸಿದ ಕೊಂಕಣಿ ಜನಂಗೊ. ಹಡಗಿಲಿ ಬಂದ ಪರಂಗಿಗೊ ಅಲ್ಲ. ಯುದ್ಧ, ಬರ, ಪರಂಗಿಗಳ ತೆರಿಗೆ ಎಲ್ಲ ತಡೆಯದ್ದೆ, ಕೆಳದಿಯ ಅರಸುಗಳ ರಾಜ್ಯಲ್ಲಿ ಗೆದ್ದೆ ಸಿಕ್ಕುತ್ತು ಹೇಳಿ ಬಂದವು. ಮತ ಬದಲುಸಿದವು ಹೇಳಿಯೂ ಇನ್‌ಕ್ವಿಸಿಷನ್ ಅವರ ಬಿಟ್ಟಿದಿಲ್ಲೆ. ಮನೆ ಒಳ ಹಳೆ ಕ್ರಮ ಒಳುದ್ದೋ ಹೇಳಿ ನೋಡುದೇ ಅದರ ಕೆಲಸ. 1736ರಲ್ಲಿ ಅದು ಒಂದು ಆದೇಶ ಹೆರಡುಸಿತ್ತು. ಅದರ ಓದಿರೆ ಅರ್ಧಂದ ಹೆಚ್ಚು ಹೆಮ್ಮಕ್ಕಳ ಮೇಲೆಯೇ. ಮದುವೆಲಿ ಎಲೆ ಅಡಕ್ಕೆ, ಹೂಗು ಕೊಡ್ಲಾಗ. ಅರಿಶಿನ ಎಣ್ಣೆ ಕಿಟ್ಟಲಾಗ. ಕೊಂಕಣಿ ಶೋಭಾನೆ ಹೇಳ್ಲಾಗ. ಜಾಲಿಲಿ ತುಳಶಿ ನೆಡ್ಲಾಗ. ಅಶನ ಬೇಶುವಗ ಉಪ್ಪು ಹಾಕದ್ದೆ ಬೇಶುಲಾಗ, ಹಿಂದುಗೊ ಹಾಂಗೆ ಮಾಡ್ತವು.

ಈ ಕಡೆಯಾಣದ್ದರ ಎರಡೆರಡು ಸರ್ತಿ ಓದಿದೆ. ಅಶನಕ್ಕೆ ಉಪ್ಪು! ಒಂದು ಸಾಮ್ರಾಜ್ಯಕ್ಕೆ ಒಲೆ ಮೇಲಾಣ ಅಳಗೆಯ ಮುಚ್ಚಲು ತೆಗದು ನೋಡೆಕ್ಕು ಹೇಳಿ ಕಂಡತ್ತನ್ನೆ. ಆರೋ ಒಬ್ಬ ಅಬ್ಬೆ ಅಭ್ಯಾಸಬಲಲ್ಲಿ ಉಪ್ಪು ಹಾಕದ್ದೆ ಅಶನ ಮಾಡಿರೆ ಅದು ಅಪರಾಧ. ನೆರೆಕರೆಯವು ದೂರು ಕೊಟ್ಟರೆ ವಿಚಾರಣೆ. ಹೀಂಗಿಪ್ಪ ರಾಜ್ಯ ಬಿಟ್ಟು ಬಂದವರ ಮಕ್ಕಳ ಮಕ್ಕೊಗೆ ನಾವು "ಪರಂಗಿ ಸಂತಾನ" ಹೇಳುದು. ಅವು ಆರಿಂಗೆ ಹೆದರಿ ಓಡಿಬಂದವೋ ಅವರದ್ದೇ ಹೆಸರು ಅವರ ಹಣೆಗೆ ಹಚ್ಚುದು. ಮದುವೆ ಮುನ್ನಾಣ ದಿನ ಅವರಲ್ಲಿ 'ರೋಸ್' ಹೇಳಿ ಮಾಡ್ತವು, ಕಾಯಿಹಾಲು ಎಣ್ಣೆ ಕಿಟ್ಟಿ ಮೀಶುದು. ಗೋವೆಲಿ ಬೇಡ ಹೇಳಿದ್ದದು ಮಂಗಳೂರಿಲಿ ಒಳ್ಕೊಂಡತ್ತು.

ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿನ ಕತೆಯೂ ಹೀಂಗೆ. 1680ರಲ್ಲಿ ಅದರ ಕಟ್ಟುಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಗೋವೆಯ ಕೊಂಕಣಿ ಮನುಷ್ಯನೇ. ಅವನ ನೇಮಕ ಮಾಡಿದ್ದು ರೋಮು. ಈ ಕರಾವಳಿಯ ಚರ್ಚುಗೊ ಎಲ್ಲ ಎಂಗಳ ಅಧಿಕಾರಕ್ಕೆ ಸೇರಿದ್ದು ಹೇಳಿಗೊಂಡಿದ್ದ ಪೋರ್ಚುಗೀಸರಿಂಗೆ ಅದು ಸರಿ ಕಂಡಿದಿಲ್ಲೆ. ಜಾಗೆ ಕೊಟ್ಟದು ಕೆಳದಿಯ ಅರಸೊತ್ತಿಗೆ. ಅಷ್ಟಪ್ಪಗ ಆಳಿಗೊಂಡಿದ್ದದು ಚೆನ್ನಮ್ಮಾಜಿ, ಪುನಃ ಒಂದು ರಾಣಿ.

ನಮ್ಮ ಬಸ್‌ಸ್ಟೋಪು ಫರಂಗಿಪೇಟೆಲಿ ಮೋಂತೆ ಮರಿಯಾನೊ ಹೇಳುವ ಚರ್ಚು ಇದ್ದು. ಸೆಪ್ಟೆಂಬರ್ 8ರ ಮೋಂತಿ ಹಬ್ಬ ಸುರು ಆದ್ದು ಅಲ್ಲಿಂದ, 1763ರಲ್ಲಿ, ಗೋವೆಂದ ಬಂದ ಜೊವಾಕಿಂ ಮಿರಾಂದ ಹೇಳುವ ಪಾದ್ರಿ ಸುರು ಮಾಡಿದ್ದು ಹೇಳ್ತವು. ಆ ದಿನ ಮಕ್ಕೊ ಹೂಗು ತೆಕ್ಕೊಂಡು ಹೋಗಿ ಮರಿಯಮ್ಮಂಗೆ ಹಾಕುದು, ಹೊಸ ಬತ್ತದ ಕದಿರಿನ ಮನೆಗೆ ತಪ್ಪದು, ಹೊಸ ಅಕ್ಕಿಯ ಹಾಲಿಂಗೋ ಪಾಯಸಕ್ಕೋ ಸೇರುಸಿ ಎಲ್ಲೋರೂ ಒಟ್ಟಿಂಗೆ ಉಂಬದು. ಆ ಒಂದು ದಿನ ಮೀನು ಮಾಂಸ ಇಲ್ಲೆ, ಬಾಳೆಲೆ ಮೇಲೆ ಬರೇ ತರಕಾರಿ, ಅದೂ ಲೆಕ್ಕ ಮಾಡಿ ಐದೋ ಏಳೋ ಒಂಬತ್ತೋ ಬಗೆ. ನಮ್ಮ ಹೊಸಕ್ಕಿ ಊಟಕ್ಕೂ ಇದಕ್ಕೂ ಎಂತ ವೆತ್ಯಾಸ? ದೇವರ ಹೆಸರು ಬೇರೆ, ಕದಿರು ಒಂದೇ.

ಇನ್ನೊಂದು ಮಾತು. ಈಗ ಮಂಗಳೂರಿನ ತೋರುಸುಲೆ ಕರಕ್ಕೊಂಡು ಹೋಪವು ಹಂಚಿನ ಮಾಡಿನ, ಉದ್ದ ಜೆಗಲಿಯ ಹಳೆ ಮನೆ ಕಂಡ ಕೂಡ್ಲೆ "ಪೋರ್ಚುಗೀಸ್ ಮನೆ" ಹೇಳ್ತವು. ಅಲ್ಲ. ಆ ಹಂಚು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನಿನವು 1865ರಲ್ಲಿ ಜೆಪ್ಪುಲಿ ಕಾರ್ಖಾನೆ ಹಾಕಿದ ಮತ್ತೆ ಬಂದದು. ಪೋರ್ಚುಗೀಸರು ಹೋಗಿ ಇನ್ನೂರು ವರ್ಷ ಕಳುದ ಮತ್ತಾಣ ಸಂಗತಿ. ಬೋಳೂರಿನ ಸುಲ್ತಾನ್ ಬತ್ತೇರಿಯೂ ಟಿಪ್ಪುವಿನದ್ದು, 1784ರದ್ದು. ಚೆಂದಕ್ಕೆ ಹೇಳಿ ಹಳತ್ತೆಲ್ಲ ಪರಂಗಿಗಳ ಲೆಕ್ಕಕ್ಕೆ ಬರೆತ್ತವು.

ಬಾವುಟಗುಡ್ಡೆ ನಮ್ಮ ಲೆಕ್ಕಕ್ಕೆ ಬರೆಕ್ಕಾದ್ದು. 1834ರಲ್ಲಿ ಕುಂಪಣಿಯವು ಕೊಡಗಿನ ಹಿಡುದು, ನಮ್ಮ ಅಮರಸುಳ್ಯವ ಕೆನರಾಕ್ಕೆ ಸೇರುಸಿದವು. ಮದಲು ತೆರಿಗೆಯ ಬತ್ತವೋ ಅಕ್ಕಿಯೋ ಅಳದು ಕೊಟ್ಟರೆ ಆಗಿಗೊಂಡಿತ್ತು. ಇನ್ನು ಮುಂದೆ ಪೈಸೆಯೇ ಆಯೆಕ್ಕು ಹೇಳಿದವು. ಪೈಸೆ ಎಲ್ಲಿಂದ ತಪ್ಪದು? 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಎಲ್ಲ ಸೇರಿ ಬೆಳ್ಳಾರೆಯ ಖಜಾನೆಯ ಹಿಡುದು, ನಡಕ್ಕೊಂಡು ಮಂಗಳೂರಿಂಗೆ ಹೋಗಿ ಬಾವುಟಗುಡ್ಡೆಲಿ ಬಾವುಟ ಹಾರುಸಿದವು. ಪರಂಗಿಗೊ ಅಕ್ಕಿ ಕೇಳಿದವು, ಕುಂಪಣಿಯವು ಅಕ್ಕಿ ಬೇಡ ಹೇಳಿದವು. ಎರಡರಲ್ಲಿಯೂ ಕಣಜ ಖಾಲಿ ಆದ್ದು ಒಂದೇ ಮನೆಯದ್ದು.

ಕೋಟೆ ಹೋದರೂ ಪರಂಗಿಗೊ ಪೂರ್ತಿ ಹೋಯಿದವಿಲ್ಲೆ ಹೇಳ್ಲಕ್ಕು, ನಮ್ಮ ಹಿತ್ತಿಲಿಲಿ ಇದ್ದವನ್ನೆ! ಬೀಜದ ಮರ, ಅನನಾಸು, ಬಪ್ಪಂಗಾಯಿ, ಪೇರಳೆ, ಮರಗೆಣಂಗು, ಎಲ್ಲ ಅಮೆರಿಕದ ಹೊಡೆಂದ ಅವರ ಹಡಗಿಲಿ ಬಂದದು. ಬಾಲ್ದಿ, ಚಾವಿ, ಇಸ್ತ್ರಿ, ಮೇಸ್ತ್ರಿ, ಏಲಂ ಹೇಳುವ ಶಬ್ದಂಗಳೂ ಅವರದ್ದೇ. ಎಂಗಳ ಅಜ್ಜಿ ಮಡಿ ಹೇಳಿರೆ ಮಡಿ, ಹೆರಾಣವರ ನೆರಳೂ ಆಗ. ಆದರೆ ಉಂಡಿಕ್ಕಿ ಎಲೆ ಅಡಕ್ಕೆ ತಿಂಬಗ ಒಂದು ಹರುಕು ಹೊಗೆಸೊಪ್ಪು ಇಲ್ಲದ್ರೆ ಅಜ್ಜಿಗೆ ದಿನ ಹೋಗ. ಆ ಹೊಗೆಸೊಪ್ಪೂ ಪರಂಗಿ ಹಡಗಿಂದ ಇಳುದ್ದು ಹೇಳಿ ಅಜ್ಜಿಗೆ ಆರೂ ಹೇಳಿದ್ದವಿಲ್ಲೆ, ಒಳ್ಳೆದೇ ಆತು.

ಎಲ್ಲದರಿಂದ ದೊಡ್ಡದು ಮೆಣಸು. ಕೆಂಪು ಮೆಣಸಿಲ್ಲದ್ದೆ ಈಗ ಒಂದು ಕೊದಿಲು ಮಾಡ್ಲೆ ಎಡಿಗೋ? ಅದು ಬಪ್ಪ ಮದಲು ನಮ್ಮ ಅಡಿಗೆಲಿ ಖಾರ ಹೇಳಿರೆ ಗೆಣಮೆಣಸು, ಶುಂಠಿ. ಆ ಅಡಿಗೆ ಹೇಂಗಿದ್ದಿಕ್ಕು ಹೇಳಿ ಪುಸ್ತಕಲ್ಲಿ ಹುಡ್ಕೆಕ್ಕಾದ್ದಿಲ್ಲೆ. ಎಂಗಳ ಮನೆಲಿ ತಿಥಿ ದಿನ ಅಬ್ಬೆ ಮೆಣಸಿನ ಭರಣಿಯ ಕರೇಂಗೆ ಮಡಗಿ ಗೆಣಮೆಣಸು ಗುದ್ದುತ್ತು. ಬಟಾಟೆ ಇಲ್ಲೆ, ಟೊಮೆಟೊ ಇಲ್ಲೆ, ಕೇಬೇಜು ಇಲ್ಲೆ. ಬಾಳೆಕಾಯಿ, ಹಾಗಲಕಾಯಿ, ಕೆಸವು, ಉದ್ದು, ಎಳ್ಳು, ಅಕ್ಕಿ. ಆನು ಸಣ್ಣಾದಿಪ್ಪಗ ಅದು ಬರೇ ಮಡಿಯ ಕಟ್ಟುಕಟ್ಳೆ ಹೇಳಿ ಜಾನ್ಸಿಗೊಂಡಿತ್ತಿದ್ದೆ. ಈಗ ಹೊಗೆ ಎಡೆಲಿ ಆ ಒಲೆಯ ನೋಡಿರೆ, ಅಜ್ಜನ ಅಜ್ಜಂಗೊ ಉಂಡ ಊಟವ ಅವಕ್ಕೇ ಬಳುಸುತ್ತಾ ಇದ್ದ ಹಾಂಗೆ ಕಾಣ್ತು. ಅವು ಮೆಣಸಿನ ಕಂಡಿದವಿಲ್ಲೆ, ಹಾಂಗಾಗಿ ಅವರ ಎಲೆಗೆ ಮೆಣಸು ಬೀಳ್ತಿಲ್ಲೆ.

ಒಂದು ಮಾಂತ್ರ ಎನಗೆ ಇನ್ನೂ ಬಗೆಹರುದ್ದಿಲ್ಲೆ. ಎಂಗಳಲ್ಲಿ ತಿಥಿಯ ಪಾಯಸಕ್ಕೆ ಬೀಜದ ಬೊಂಡು ಹಾಕುತ್ತಿಲ್ಲೆ. ಅಬ್ಬೆಯ ಅಪ್ಪನ ಮನೆಲಿ ತುಪ್ಪಲ್ಲಿ ಹೊರುದು ಹಾಕುತ್ತವಡ, ಅದೂ ಹಿಂದಾಣ ಕಾಲಂದಲೇ. ನಿಂಗಳಲ್ಲಿ ಹೇಂಗೆ? ಅಜ್ಜಿಯಕ್ಕಳತ್ರೆ ಕೇಳಿ ತಿಳುಶಿ.